ಹಿತ್ತಿಲಿಗೆ ಹೊಲಿದ ನೆರಳು

ಅಪ್ಪ ಅಮ್ಮ ಇಟ್ಟ ಹೆಸರೊಂದು ಅವಳಿಗೆ ಇದ್ದೇ ಇತ್ತು. ಗಂಡನ ಮನೆಗೆ ಬಂದ ವರ್ಷವೇ ಅದು ಮೂಲೆ ಸೇರಿತು, ಅವಳ ಪ್ರಶ್ನೆಗಳ ದೆಸೆಯಿಂದ. ಹಾಲು ಉಕ್ಕುತ್ತದೆ, ನೀರು ಯಾಕೆ ಉಕ್ಕುವುದಿಲ್ಲ? ಹಿಂದಿನ ಬಾಗಿಲು ಮಳೆಗಾಲದಲ್ಲೇ ಯಾಕೆ ಬಿಗಿಯುತ್ತದೆ? ಬ್ರೆಡ್ಡಿನ ವ್ಯಾನು ಓಡಿಸಿ ಸುಸ್ತಾಗಿ ಬಂದಿದ್ದ ಗಂಡ ಒಂದು ದಿನ ‘ಸಾಕು ಬಿಡು ಯಾಕಮ್ಮ’ ಎಂದ. ಅದು ಗೋಡೆಯಾಚೆ ಕೇಳಿಸಿ, ಬೀದಿಗೆಲ್ಲ ಅವಳು ಯಾಕಮ್ಮನಾದಳು. ಅವಳಿಗೇನೂ ಬೇಸರವಿಲ್ಲ. ಹೊಲಿಗೆ ಅಂಗಡಿಗೆ ಅದಕ್ಕಿಂತ ಒಳ್ಳೆ ಪ್ರಚಾರ ಬೇರೆ ಬೇಕೇ ಎನ್ನುತ್ತಿದ್ದಳು.

ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ. ಕಿಟಕಿಯ ಕೆಳಗೆ ಮಿಷನ್ನು, ಮೊಳೆಗೆ ನೇತುಹಾಕಿದ ಅಳತೆ ಬಟ್ಟೆಗಳು, ನೆಲದ ತುಂಬ ಚೂರುಪಾರು. ಅವಳು ಹಾಕಿದ ಹೊಲಿಗೆ ಬಿಚ್ಚಿತು ಎಂದು ಯಾರೂ ವಾಪಸ್ಸು ಬಂದದ್ದಿಲ್ಲ. ಬಟ್ಟೆ ಸವೆದು ಹರಿದರೂ ಹೊಲಿಗೆ ಮಾತ್ರ ಜಪ್ಪಯ್ಯ ಅಂದರೂ ಬಿಡುವುದಿಲ್ಲ ಎಂಬುದು ಗಿರಾಕಿಗಳ ಹೊಗಳಿಕೆ. ಅವಳಿಗೆ ಸ್ವಲ್ಪ ಜಂಬವೂ ಇತ್ತು ಅನ್ನಿ, ಇಲ್ಲ ಎಂದರೆ ಸುಳ್ಳಾದೀತು.

ಮನೆಯ ಹಿಂದೆ ಹಿತ್ತಿಲು. ಬದನೆ, ಹುರುಳಿಕಾಯಿ, ಒಂದು ಕುಂಬಳದ ಬಳ್ಳಿ, ಮೂಲೆಯಲ್ಲಿ ನಿಂಬೆ ಮರ. ಅದರಾಚೆಗೆ ಬಟ್ಟೆ ಒಣಹಾಕುವ ತಂತಿ. ಈ ಹಿತ್ತಿಲಿಗಾಗಿಯೇ ಆ ವರ್ಷ ಮನೆಯಲ್ಲಿ ಜಗಳ ಎದ್ದದ್ದು. ಅದೇ ಮನೆಯಲ್ಲಿದ್ದ ಹಿರಿಯ ಓರಗಿತ್ತಿ, ಅಂದರೆ ಯಾಕಮ್ಮನ ಬಾಯಲ್ಲಿ ಅಕ್ಕ, ಹಿಂದಿನ ಮಳೆಗಾಲದಲ್ಲಿ ಒದ್ದೆ ಬಟ್ಟೆಯ ಬಕೆಟ್ ಹೊತ್ತು ತಂತಿಯ ಕಡೆ ಹೋಗುವಾಗ ಕೆಸರಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಪಟ್ಟಿ ಬಿಚ್ಚಿದ ಮೇಲೆ ಅವರು ಹಿಡಿದದ್ದು ಒಂದೇ ಹಟ: ಹಿತ್ತಿಲಿಗೆಲ್ಲ ಸಿಮೆಂಟ್ ಬಳಿಸಬೇಕು. ಅಣ್ಣತಮ್ಮಂದಿರಿಬ್ಬರೂ ಹೆಂಗಸರ ಮಾತು ನಮಗ್ಯಾಕೆ ಎಂದು ಜಾಣತನದಿಂದ ಜಾರಿಕೊಂಡರು. ಕೊನೆಗೆ ಅಕ್ಕನೇ ಒಂದು ಕರಾರು ಹಾಕಿದರು.

‘ನೋಡು, ಈ ಸಲ ಬೇಸಿಗೆ ಜೋರಿದೆ, ನಲ್ಲೀಲಿ ನೀರಿಲ್ಲ. ಮಳೆ ಹಿಡಿಯೋ ಹೊತ್ತಿಗೆ ಗಿಡ ಹಸಿರಾಗಿದ್ರೆ ಹಿತ್ತಿಲು ನಿಂದು. ಒಣಗಿದ್ರೆ ಗಾರೆಯವನನ್ನ ಕರೆಸ್ತೀನಿ. ಆಮೇಲೆ ಮುಖ ಊದಿಸ್ಕೋಬೇಡ.’

ಯಾಕಮ್ಮ ಒಪ್ಪಿದಳು. ದಿನವಿಡೀ ಬೇರೆಯವರ ಅಳತೆಗೆ ದುಡಿಯುವವಳಿಗೆ ತನ್ನ ಅಳತೆಯದು ಎಂದು ಇದ್ದದ್ದು ಆ ತುಂಡು ನೆಲ ಒಂದೇ.

ಬಿಸಿಲು ಏರಿತು. ಮಧ್ಯಾಹ್ನವಾಗುತ್ತಲೇ ಕುಂಬಳದ ಎಲೆಗಳು ಜೋತುಬೀಳುತ್ತಿದ್ದವು, ಇವಳು ಚೊಂಬು ಹಿಡಿದು ಓಡುತ್ತಿದ್ದಳು. ಒಂದು ದಿನ ಶಾಲೆಯ ಸಮವಸ್ತ್ರಗಳ ಗಡಿಬಿಡಿಯಲ್ಲಿ ನೀರು ಹಾಕುವುದೇ ಮರೆತುಹೋಯಿತು. ಸಂಜೆ ಅಯ್ಯೋ ಎಂದು ಹೋಗಿ ನೋಡಿದರೆ ಎಲೆಗಳು ಏನೂ ಆಗದವರ ಹಾಗೆ ಎದ್ದು ನಿಂತಿವೆ. ಯಾಕೆ? ಅಲ್ಲಿಗೆ ಶುರುವಾಯಿತು. ಮಿಷನ್ ಬಿಟ್ಟು ಮಧ್ಯೆ ಮಧ್ಯೆ ಎದ್ದು ಹೋಗಿ ನೋಡತೊಡಗಿದಳು. ಮಧ್ಯಾಹ್ನ ಬಾಡುವುದು ಬಾಯಾರಿಕೆಯಲ್ಲ, ಬಿಸಿಲಿಗೆ ಗಿಡ ಮುಖ ತಗ್ಗಿಸುವ ರೀತಿ; ಬೆಳಿಗ್ಗೆಯೂ ಬಾಡಿದ್ದರೆ ಮಾತ್ರ ಚಿಂತೆ ಎಂದು ತನ್ನಷ್ಟಕ್ಕೆ ತೀರ್ಮಾನಿಸಿದಳು. ಮಣ್ಣಿಗೆ ಬೆರಳು ಚುಚ್ಚಿದರೆ ಮೇಲೆ ಒದ್ದೆ, ಒಳಗೆ ಪುಡಿಪುಡಿ. ದಿನಾ ಚಿಮುಕಿಸಿದ ನೀರು ಬೇರಿನವರೆಗೆ ಇಳಿದೇ ಇರಲಿಲ್ಲ. ಅಂದಿನಿಂದ ಅಪರೂಪಕ್ಕೆ ಹಾಕಿದಳು, ಹಾಕಿದಾಗ ಹೊಟ್ಟೆ ತುಂಬ ಹಾಕಿದಳು. ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆಯಿಂದ ಗೋಡೆಯ ಮೇಲೆ ನೆರಳಿನ ಗೆರೆ ಎಳೆದು, ಯಾವ ಗಿಡಕ್ಕೆ ಎಷ್ಟು ಹೊತ್ತು ಬಿಸಿಲು ಎಂದು ಪತ್ತೆ ಮಾಡಿದಳು.

ಕೋಣೆಯ ಚೂರುಪಾರುಗಳಿಗೂ ಕೆಲಸ ಸಿಕ್ಕಿತು. ಸಮವಸ್ತ್ರದ ನೀಲಿ, ಬಿಳಿ ಹತ್ತಿಬಟ್ಟೆಯ ತುಂಡುಗಳನ್ನು ಬುಡದ ಸುತ್ತ ದಪ್ಪಗೆ ಹಾಸಿದಳು, ಮಣ್ಣಿನ ತೇವ ಆರದ ಹಾಗೆ. ಪಕ್ಕದ ಮನೆಯ ಕ್ಷೌರಿಕ ಗೋಡೆಯ ಮೇಲಿಂದ ಇಣುಕಿ, ನಿಮ್ಮ ಬದನೆಗೆ ಯಾವ ಶಾಲೆಯಲ್ಲಿ ಸೀಟು ಸಿಕ್ಕಿತು ಎಂದು ಕೇಳಿದ. ಅಕ್ಕನಿಗೂ ನಗು ತಡೆಯಲಾಗಲಿಲ್ಲ. ಅಷ್ಟೇ ಅಲ್ಲ, ಬಟ್ಟೆ ಜಾಲಾಡಿದ ಕೊನೆಯ ನೀರನ್ನು ಚೆಲ್ಲದೆ ಹಿಂದಿನ ಬಾಗಿಲ ಬಳಿ ಇಡತೊಡಗಿದರು. ಹೊಸಿಲು ಮಾತ್ರ ದಾಟುತ್ತಿರಲಿಲ್ಲ. ಬಕೆಟ್ ಇಟ್ಟು, ‘ತಗೊಂಡು ಹೋಗು ನಿನ್ನ ಮಕ್ಕಳಿಗೆ’ ಎಂದು ಗೊಣಗಿ ಒಳಗೆ ಹೋಗುತ್ತಿದ್ದರು. ಮುನಿಸು ಇನ್ನೂ ಇಳಿದಿಲ್ಲ ಎಂದುಕೊಂಡಳು ಯಾಕಮ್ಮ.

ಕೊನೆಗೆ ಉಳಿದದ್ದು ನೆರಳು. ಹಳೆಯ ಪರದೆಗಳನ್ನೆಲ್ಲ ಜೋಡಿಸಿ ಹಿತ್ತಿಲಿನ ಅಗಲಕ್ಕೆ ಒಂದೇ ಚಾದರ ಹೊಲಿದಳು. ಜೋಡಿ ಹೊಲಿಗೆ, ಅಂಚಿನೊಳಗೆ ಹಗ್ಗ, ಮೂಲೆಗಳಿಗೆ ನಾಲ್ಕು ಪದರ. ಮೂರು ಮೂಲೆ ಗೋಡೆಯ ಕೊಕ್ಕೆಗೆ ಬಿತ್ತು. ನಾಲ್ಕನೆಯದಕ್ಕೆ ಕಂಬವಿಲ್ಲದೆ ನಿಂಬೆ ಮರದ ಕಾಂಡಕ್ಕೇ ಬಿಗಿದಳು. ಚಾದರದ ಕೆಳಗೆ ಗಿಡಗಳು ಚೇತರಿಸಿಕೊಂಡವು. ಹುರುಳಿಕಾಯಿ ಹೂ ಬಿಟ್ಟಿತು. ಗೆದ್ದೆ ಎಂದು ಅವಳಿಗೆ ಅನ್ನಿಸಿದ್ದು ಆಗಲೇ. ನಿಂತ ಗಾಳಿಯಲ್ಲಿ ಹೊಲಿದವಳಿಗೆ ಬೀಸುವ ಗಾಳಿಯ ನೆನಪೇ ಬರಲಿಲ್ಲ. ಮೈಗೆ ತೊಡುವ ಬಟ್ಟೆ ಹೊಲಿಯುವವರು ಗಾಳಿಗೆ ದಾರಿ ಬಿಡಬೇಕೆಂದು ಯಾಕೆ ಯೋಚಿಸುತ್ತಾರೆ?

ಮೊದಲ ಬಿರುಗಾಳಿ ಬಂದದ್ದು ಮಟಮಟ ಮಧ್ಯಾಹ್ನದಲ್ಲಿ. ಬೀದಿಯ ಧೂಳೆಲ್ಲ ಒಮ್ಮೆಲೇ ಎದ್ದಿತು, ಬೆಳಕು ಕಂದಿತು, ಹಿಂದೆಯೇ ಮಳೆ ರಪರಪನೆ ಹೊಡೆಯಿತು. ಯಾಕಮ್ಮ ಹಿತ್ತಿಲಿಗೆ ಓಡಿದಾಗ ಚಾದರ ಗಾಳಿ ತುಂಬಿಕೊಂಡು ಹೊಟ್ಟೆ ಉಬ್ಬಿಸಿತ್ತು. ಪ್ರತಿ ಬೀಸಿಗೂ ನಿಂಬೆ ಮರ ವಾಲುತ್ತಿತ್ತು, ಬುಡದ ಒಂದು ಪಕ್ಕದಲ್ಲಿ ಮಣ್ಣು ಬಿರಿದು ಬೇರು ಕಾಣುತ್ತಿತ್ತು. ಗಂಟು ನೆನೆದು ಕಲ್ಲಾಗಿತ್ತು. ಅಂಚು ಹಿಡಿದು ಜಗ್ಗಿದಳು, ಹರಿಯಲಿಲ್ಲ. ಒಂದೇ ಒಂದು ಹೊಲಿಗೆ ಬಿಚ್ಚಿಕೊಳ್ಳಲಿ ಎಂದು ಜೀವನದಲ್ಲಿ ಮೊದಲ ಸಲ ಬೇಡಿಕೊಂಡಳು. ಅಷ್ಟು ಚೆನ್ನಾಗಿ ಹೊಲಿದ ತನ್ನ ಕೈಯನ್ನೇ ಶಪಿಸಿದಳು. ಮರವನ್ನು ಎರಡೂ ತೋಳಲ್ಲಿ ಅಪ್ಪಿ ಹಿಡಿದು ಅಳತೊಡಗಿದಳು.

ಆಗ ಪಕ್ಕದಲ್ಲಿ ಇನ್ನೊಂದು ಕೈ ಬಂತು. ಅಡುಗೆಮನೆಯ ಚಾಕು ಹಿಡಿದಿದ್ದ ಕೈ. ಅಕ್ಕ ಹಗ್ಗವನ್ನು ಗರಗರನೆ ಕೊಯ್ದರು. ಚಾದರ ಗೋಡೆಯ ಕೊಕ್ಕೆಗಳಿಂದಲೂ ಕಳಚಿಕೊಂಡು ಫಟ್ಟನೆ ಹಾರಿ ಕ್ಷೌರಿಕನ ಮನೆಯ ಮಾಡಿಗೆ ಹೊದಿಕೆಯಾಯಿತು. ಮರ ನೆಟ್ಟಗಾಗಲಿಲ್ಲ, ಆದರೆ ಬೀಳಲೂ ಇಲ್ಲ. ಗಾಳಿ ತಗ್ಗುವವರೆಗೆ ಇಬ್ಬರೂ ಆ ಕಡೆ ಈ ಕಡೆ ನಿಂತು ಹಿಡಿದುಕೊಂಡರು.

ಮಳೆ ಸಣ್ಣಗಾದಾಗ ಯಾಕಮ್ಮ ಕಣ್ಣು ಹಾಯಿಸಿದಳು. ಕುಂಬಳದ ಎಲೆ ಚಿಂದಿ, ಹುರುಳಿಕಾಯಿ ನೆಲಕಚ್ಚಿತ್ತು, ಬದನೆಯ ಕೊಂಬೆಗಳು ಮುರಿದಿದ್ದವು. ಹಸಿರು ಅನ್ನುವಂಥದ್ದು ಹೆಚ್ಚೇನೂ ಇರಲಿಲ್ಲ.

‘ನಾನು ಸೋತೆ ಅಕ್ಕ,’ ಎಂದಳು. ‘ಗಾರೆಯವನಿಗೆ ಬರೋಕೆ ಹೇಳಿ.’

ಅಕ್ಕ ನಿಂತಲ್ಲೇ ನಿಂತಿದ್ದರು. ಚಾಕು ಕೆಳಗೆ ಬಿದ್ದಿತ್ತು. ಎರಡೂ ಕೈ ಇನ್ನೂ ಮರದ ಮೇಲೇ ಇದ್ದವು.

‘ಗಾಳಿ ನಿಂತಿದೆ, ಇನ್ನು ಬಿಡಿ ಅಕ್ಕ. ಮರ ನಿಲ್ಲುತ್ತೆ.’

‘ಮರ ನಿಲ್ಲುತ್ತೆ ಕಣೇ, ನಾನು ನಿಲ್ಲಲ್ಲ,’ ಎಂದರು ಅಕ್ಕ. ‘ಬರುವಾಗ ಹೆಂಗೋ ಬಂದುಬಿಟ್ಟೆ. ಈಗ ಈ ಕೆಸರು ನೋಡಿದ್ರೆ ಕಾಲೇ ಏಳ್ತಿಲ್ಲ. ಅವತ್ತು ಬಿದ್ದಾಗಿಂದ ಹಿಂಗೇ.’

ಯಾಕಮ್ಮನಿಗೆ ಕೆನ್ನೆಗೆ ಹೊಡೆದಂತಾಯಿತು. ಕುಂಬಳದ ಎಲೆ ಯಾಕೆ ಬಾಡುತ್ತದೆ ಎಂದು ದಿನಗಟ್ಟಲೆ ಕಾದು ಕೂತವಳು, ಅಕ್ಕ ಯಾಕೆ ಹೊಸಿಲು ದಾಟುವುದಿಲ್ಲ ಎಂದು ಒಂದು ಸಲವೂ ಕೇಳಿರಲಿಲ್ಲ. ಮುನಿಸು ಎಂದುಕೊಂಡು ಸುಮ್ಮನಿದ್ದಳು.

ಅಕ್ಕನ ಸೊಂಟದ ಸುತ್ತ ಕೈ ಹಾಕಿ, ಬಟ್ಟೆಯ ಚೂರುಗಳು ದಪ್ಪಗೆ ಬಿದ್ದಿದ್ದ ಕಡೆಯೇ ಕಾಲಿಡಿಸುತ್ತ ನಡೆಸಿದಳು. ಒಂದೊಂದೇ ಹೆಜ್ಜೆ. ನಡುವೆ ಅಕ್ಕ ಒಮ್ಮೆ ನಿಂತು ಹಿಂದಕ್ಕೆ ತಿರುಗಿ ನೋಡಿದರು.

‘ಎಲ್ಲಾ ಕಡೆ ಸಿಮೆಂಟ್ ಬೇಡ ಕಣೇ. ಬಾಗಿಲಿಂದ ತಂತಿ ತನಕ ಒಂದು ದಾರಿ ಆದ್ರೆ ಸಾಕು.’

ಎಷ್ಟು ಅಗಲ ಬೇಕು ಎಂದು ಯಾಕಮ್ಮ ಕೇಳಿದಳು. ತನ್ನ ತೋಳನ್ನು ಅವುಚಿ ಹಿಡಿದಿದ್ದ ಅಕ್ಕನ ಕೈ ಸ್ವಲ್ಪವೂ ಸಡಿಲಾಗಲಿಲ್ಲ.

‘ಹಿಂಗೇ,’ ಎಂದರು ಅಕ್ಕ. ‘ಇಬ್ಬರು ನಡೆಯೋಷ್ಟು.’