ತಿದಿಯ ಹಗ್ಗ ಬಿಟ್ಟ ವರ್ಷ

ಕುಲುಮೆಗೆ ಗಾಳಿ ಊದುವ ಬ್ಲೋವರ್ ಬೇಕು ಅಂತ ಹಟ ಹಿಡಿದವಳು ನಾನೇ. ಬೇರೆ ಯಾರನ್ನೂ ಬಯ್ಯುವ ಹಾಗಿಲ್ಲ, ಅದೇ ನನ್ನ ಕರ್ಮ.

ಎಪ್ಪತ್ತರ ದಶಕದ ಶುರು. ತಮಿಳು ಸೀಮೆಯ ಧರ್ಮಪುರಿ ಕಡೆ, ಪಾಲಕೋಡಿಗೂ ಮಾರಂಡಹಳ್ಳಿಗೂ ನಡುವೆ, ರಸ್ತೆಗೆ ಅಂಟಿಕೊಂಡೇ ನಮ್ಮ ಕುಲುಮೆ. ನಮ್ಮನೆಯವರು ಕತ್ತಿ, ಮಚ್ಚು, ಕುಡುಗೋಲು ಮಾಡುತ್ತಿದ್ದರು. ನಾನು ಮಣ್ಣುಗೋಡೆಯ ಹಿಂದೆ ಕೂತು ತಿದಿಯ ಹಗ್ಗ ಎಳೆದು ಬೆಂಕಿಗೆ ಗಾಳಿ ಕೊಡುತ್ತಿದ್ದೆ. ಹಳೇ ಚರ್ಮದ ತಿದಿ. ಹೊಲಿದ ಕಡೆಯೇ ಮತ್ತೆ ಹರಿಯುತ್ತಿತ್ತು. ಅರ್ಧ ಗಾಳಿ ಬೆಂಕಿಗೆ, ಅರ್ಧ ನನ್ನ ಮುಖಕ್ಕೆ. ಸಂಜೆಯ ಹೊತ್ತಿಗೆ ತೋಳು ಎತ್ತಿ ತಲೆ ಬಾಚಿಕೊಳ್ಳಲೂ ಆಗುತ್ತಿರಲಿಲ್ಲ.

ಆ ವರ್ಷ ಕುಲುಮೆಗೆ ಹೊಸ ಸಾಮಾನು ಒಂದು ತರೋಣ ಎಂದಾಯಿತು. ಒಂದೇ ಒಂದು. ಅವರಿಗೆ ಕಾಲಲ್ಲಿ ತುಳಿಯುವ ಸಾಣೆ ಬೇಕಿತ್ತು.

"ಸಂತೇಲಿ ಸೇಲಂ ಕತ್ತಿ ಪಳಪಳ ಒಳೀತೈತೆ. ನನ್ ಕತ್ತಿ ಕರ್ರಗೆ ಕುಂತೈತೆ. ಯಾವನು ಕೈಗೆ ಎತ್ಕೊಂತಾನೆ ಅದ್ನ?" ಎಂದರು.

ನನಗೆ ಉರಿದುಹೋಯಿತು. "ಒಳಪು ಆಮೇಲೆ, ಮೊದ್ಲು ಕಬ್ಬಿಣ ಕಾಯ್ಬೇಕಲ್ಲ! ಅರೆಬರೆ ಕಾದಿದ್ದನ್ನ ಬಡುದ್ರೆ ಸಾಣೆ ಏನ್ ಮಾಡ್ತೈತೆ? ನಾಳೆಯಿಂದ ನೀವೇ ಗ್ವಾಡೆ ಇಂದೆ ಕೂತು ಎಳೀರಿ. ನಾನು ನಮ್ಮಣ್ಣನ ಮನೆಗೆ ಓಯ್ತೀನಿ" ಎಂದುಬಿಟ್ಟೆ.

ಅಣ್ಣನ ಮನೆ ಎಡಪ್ಪಾಡಿಯಲ್ಲಿ. ಅವನದು ಚಿನ್ನದ ಕೆಲಸ, ನಮ್ಮದು ಕಬ್ಬಿಣದ್ದು. ಕುಲ ಒಂದೇ ಆದರೂ ಚಿನ್ನದವರು ನಮ್ಮ ಮನೆಗೆ ಬಂದರೆ ಕೂರುವ ಮೊದಲು ಚಾಪೆಯ ಮೇಲೆ ಮಸಿ ಇದೆಯೋ ಎಂದು ನೋಡುತ್ತಿದ್ದರು. ಅಣ್ಣ ಮಾತ್ರ ಹಾಗಲ್ಲ ಅಂತ ನಾನು ಎಲ್ಲರ ಹತ್ತಿರವೂ ಜಂಬ ಕೊಚ್ಚಿಕೊಂಡಿದ್ದೆ.

ಕೊನೆಗೆ ಅವರು ಸೇಲಂನ ಹಳೇ ಕಬ್ಬಿಣದ ಅಂಗಡಿಯಿಂದ ಕೈಯಲ್ಲಿ ತಿರುಗಿಸುವ ಬ್ಲೋವರ್ ತಂದರು. ಅಬ್ಬಾ, ಆ ಬೆಂಕಿ! ಎಡಗೈಯಲ್ಲಿ ಹಿಡಿ ತಿರುಗಿಸುತ್ತ, ಬಲಗೈಯ ಇಕ್ಕಳದಲ್ಲಿ ಕಬ್ಬಿಣ ಹಿಡಿದು, ಅವರೊಬ್ಬರೇ ಎರಡೂ ಕೆಲಸ ನೋಡಿಕೊಂಡರು. ನಾನು ತಿದಿಯನ್ನು ಸುತ್ತಿ ಅಟ್ಟಕ್ಕೆ ಎಸೆದೆ. ವಾರವೆಲ್ಲ ಮನೆಯಲ್ಲಿ ಮಹಾರಾಣಿಯ ಹಾಗೆ ಕೂತಿದ್ದೆ.

ಒಳ್ಳೆಯ ಬೆಂಕಿ ಬಂದದ್ದೇ ತಡ, ಅವರಿಗೆ ದಪ್ಪ ಕಬ್ಬಿಣದ ಆಸೆ ಹತ್ತಿತು. ಸಕ್ಕರೆ ಮಿಲ್ಲು ಬಂದ ಹೊಸತು, ಕಬ್ಬು ಕಡಿಯುವವರು ಗಟ್ಟಿ ಮಚ್ಚು ಕೇಳುತ್ತಿದ್ದರು. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ ತಂದು ಕಾಯಿಸಿದರೆ ಮಚ್ಚೇನೋ ಆಗುತ್ತದೆ, ಆದರೆ ಅದನ್ನು ಬಗ್ಗಿಸಲು ಸಮ್ಮಟಿಗೆ ಬೀಸುವ ಇನ್ನೊಬ್ಬರು ಬೇಕು. ಆಳುಗಳೆಲ್ಲ ಕಬ್ಬಿಗೆ ಹೋಗಿದ್ದರು. ಅವರು ನನ್ನನ್ನು ನೋಡಿದರು. ನಾನು ಒಲೆ ನೋಡಿದೆ. ಎಷ್ಟು ಹೊತ್ತು ಅಂತ ನೋಡಲಿ?

ಗೋಡೆಯ ಹಿಂದೆ ಕತ್ತಲಲ್ಲಿ ಯಾರ ಕಣ್ಣಿಗೂ ಬೀಳದೆ ಇದ್ದವಳು ರಸ್ತೆಯ ಪಕ್ಕ ಬಂದು ನಿಂತೆ. ಸೀರೆ ಎತ್ತಿ ಕಟ್ಟಿ, ಸೆರಗು ಸೊಂಟಕ್ಕೆ ಬಿಗಿದು, ಸಮ್ಮಟಿಗೆ ತಲೆಯ ಮೇಲಕ್ಕೆ ಎತ್ತಿ ಬಡಿಯಬೇಕು. ಎದುರಿನ ಟೀ ಅಂಗಡಿಯ ಗಂಡಸರು ಲೋಟ ಕೈಯಲ್ಲೇ ಹಿಡಿದು ನೋಡುತ್ತಿದ್ದರು. "ಕಾಳಿಯಮ್ಮ ಡಾ!" ಎಂದು ಒಬ್ಬ ತಮಿಳಿನಲ್ಲಿ ಕೂಗಿದರೆ ಉಳಿದವರಿಗೆ ನಗು. ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ತಲೆ ತಗ್ಗಿಸಿ ಬಡಿಯುತ್ತಿದ್ದೆ. ಬೈಗುಳವೆಲ್ಲ ಕಬ್ಬಿಣದ ಮೇಲೆ ಹೋಗುತ್ತಿತ್ತು.

ಅಣ್ಣನ ಮಗಳಿಗೆ ಗಂಡು ಗೊತ್ತಾಗಿದೆ, ಮದುವೆಗೆ ಕರೆಯಲು ಅಣ್ಣನೇ ಬರುತ್ತಾನೆ ಎಂದು ಸಂತೆಯಲ್ಲಿ ಯಾರೋ ಹೇಳಿದ್ದರು. ಸೋದರತ್ತೆ ನಾನೊಬ್ಬಳೇ. ಆ ಕರೆಗಾಗಿ ಬಸ್ಸು ನಿಂತಾಗಲೆಲ್ಲ ತಿರುಗಿ ನೋಡುತ್ತಿದ್ದೆ.

ಬಂದ. ಆದರೆ ಒಬ್ಬನೇ ಬರಲಿಲ್ಲ. ಜೊತೆಯಲ್ಲಿ ಬಿಳಿ ಪಂಚೆ, ಉಂಗುರದ ಹಿರಿಯರೊಬ್ಬರು, ಬೀಗರಾಗುವವರ ಕಡೆಯವರು; ಇಬ್ಬರೂ ಸೇರಿ ಊರೂರು ಕರೆಯುತ್ತ ಹೊರಟಿದ್ದರು, ನನ್ನನ್ನು ಅವರು ಎಂದೂ ಕಂಡವರಲ್ಲ. ಬಸ್ಸಿನಿಂದ ಇಳಿದ ಅಣ್ಣ ನನ್ನನ್ನು ನೋಡಿದ ಕೂಡಲೇ ಹೆಜ್ಜೆ ನಿಧಾನ ಮಾಡಿದ. ಹಿರಿಯರು ಮಾತ್ರ ತಮಾಷೆ ಕಂಡವರ ಹಾಗೆ ನೇರ ನಮ್ಮ ಚಪ್ಪರದ ಹತ್ತಿರವೇ ಬಂದರು.

"ಅಯ್ಯಯ್ಯೋ, ಎಂಗಸಿನ ಕೈಲಿ ಸಮ್ಮಟಿಗೆ! ಯಾರಪ್ಪಾ ಇವರು, ನಮ್ಮೋರಾ?" ಎಂದು ಅಣ್ಣನನ್ನು ಕೇಳಿದರು.

ನನ್ನ ಕೈ ಮೇಲೆಯೇ ನಿಂತಿತು. ಅಣ್ಣ ನನ್ನ ಮುಖ ನೋಡದೆ, ಮೊಣಕಾಲಿಗೆ ಎತ್ತಿ ಕಟ್ಟಿದ್ದ ಸೀರೆಯನ್ನು ನೋಡಿದ. ಆಮೇಲೆ ತಮಿಳಿನಲ್ಲಿ, ದಾರಿಯಲ್ಲಿ ಯಾರನ್ನೋ ಬಸ್ಸು ಯಾವಾಗ ಬರುತ್ತದೆ ಎಂದು ಕೇಳುವ ಹಾಗೆ ಕೇಳಿದ: "ಏಮ್ಮಾ, ಧರ್ಮಪುರಿ ಬಸ್ಸು ಎಪ್ಪೋ ವರುಂ?"

ನಮ್ಮ ಮನೆಮಾತು ಕನ್ನಡ; ಹುಟ್ಟಿದಾಗಿನಿಂದ ನನ್ನ ಹತ್ತಿರ ಅವನು ತಮಿಳು ಆಡಿದವನಲ್ಲ. ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವನು, "ಕೂಸೇ" ಅನ್ನುತ್ತಿದ್ದವನು. ನಾಚಿಕೆಯಿಂದ ಹಿಡಿಯಷ್ಟಾಗಿ ಹೋದೆ. ಸಮ್ಮಟಿಗೆಯಿಂದ ಆದ ನಾಚಿಕೆಯೆಲ್ಲ ಅದರ ಮುಂದೆ ಏನೂ ಅಲ್ಲ. ಅಣ್ಣಾ ಅಂತ ಒಂದು ಕೂಗು ಹಾಕಿದ್ದರೆ ಸಾಕಿತ್ತು. ಬಾಯಿಗೆ ಬಂದೂ ಬಂದಿತ್ತು. ಆದರೆ ಆ ಹುಡುಗಿಯ ಮದುವೆ?

"ಇಪ್ಪೋ ವಂದುರುಂ, ಸಾಮಿ" ಎಂದೆ. ಈಗ ಬರುತ್ತದೆ, ಅಂತ.

ಬಸ್ಸು ಬಂತು. ಇಬ್ಬರೂ ಹತ್ತಿದರು. ಅಣ್ಣ ನಮ್ಮ ಕಡೆಗಿಲ್ಲದ ಕಿಟಕಿಯ ಹತ್ತಿರ ಕೂತ.

ರಸ್ತೆಗೆ ಬೆನ್ನು ಹಾಕಿ ಕೂತಿದ್ದ ನಮ್ಮನೆಯವರು ಬೆಂಕಿಯಿಂದ ಕಬ್ಬಿಣ ತೆಗೆದು ಅಡಿಗಲ್ಲಿನ ಮೇಲಿಟ್ಟರು. ದನಿ ಅವರಿಗೂ ಗುರುತು ಸಿಕ್ಕಿತ್ತು.

"ನಿಮ್ಮಣ್ಣ ಅಲ್ವಾ?" ಎಂದರು ಮೆಲ್ಲಗೆ.

"ಅಲ್ಲ. ಯಾರೋ ಬಸ್ಸು ಕೇಳ್ದೋರು" ಎಂದೆ.