ಸೆರಗು ಹಿಡಿದ ಕೈ

ದಂಡೋತಿಯ ಸೋದರತ್ತೆಯ ಮನೆಯ ಪಡಸಾಲೆಯಲ್ಲಿ, ತೀರಿಹೋದ ಹಿರಿಯರ ಫೋಟೋಗಳ ಸಾಲಿನಲ್ಲಿ, ಒಬ್ಬ ಹುಡುಗಿಯ ಫೋಟೋ ಇದೆ. ತೋಳಿಗೆ ವಂಕಿ, ಮೂಗಿಗೆ ದೊಡ್ಡ ನತ್ತು, ಮುಖದ ತುಂಬ ಪೌಡರು. ಬಲಗೈಯ ಎರಡು ಬೆರಳಲ್ಲಿ ಸೆರಗಿನ ಅಂಚನ್ನು ಚಿವುಟಿ ಗಂಟಲಿಗೆ ಅಡ್ಡವಾಗಿ ಹಿಡಿದಿದ್ದಾಳೆ. ಕಿರುಬೆರಳು ತುಸು ಮೇಲೆದ್ದಿದೆ. ಅದು ಹರೆಯದ ನಮ್ಮಜ್ಜಿ, ಅಂದರೆ ಅತ್ತೆಯ ತಾಯಿ, ಎಂದು ಮನೆಯವರ ನಂಬಿಕೆ. ಹಿರಿಯರ ಅಮಾವಾಸ್ಯೆಗೆ ಅತ್ತೆ ಗಾಜಿನ ಮೇಲೆ ಕುಂಕುಮವಿಟ್ಟು, ಹಾರ ಹಾಕಿ, ಹೋಳಿಗೆಯ ಎಡೆ ಹಿಡಿಯುತ್ತಾಳೆ.

ನಾನೊಬ್ಬಳು ನಂಬಿರಲಿಲ್ಲ. ಚಿಕ್ಕವಳಿದ್ದಾಗ ಅಜ್ಜಿ ಆ ಗೋಡೆಯತ್ತ ಬೆರಳು ಮಾಡಿ, "ಇಕಿ ನನ್ನ ಭಾಳ ಅಳಿಸ್ಯಾಳ," ಎಂದದ್ದು ನನಗೆ ನೆನಪಿದೆ. ತನ್ನ ಬಗ್ಗೆಯೇ ಯಾರಾದರೂ ಹಾಗೆ ಹೇಳುತ್ತಾರೆಯೇ? ಮುಂದೆ ಅಪ್ಪನಿಂದ ಇನ್ನೊಂದು ಸಂಗತಿ ತಿಳಿಯಿತು. ಆಗಿನ ನಾಟಕ ಕಂಪನಿಗಳಲ್ಲಿ ಗಂಡಸರೇ ಹೆಣ್ಣಿನ ಪಾತ್ರ ಮಾಡುತ್ತಿದ್ದರು. ಶಹಾಬಾದದಲ್ಲಿ ಡೇರೆ ಹಾಕುತ್ತಿದ್ದ ಒಂದು ಕಂಪನಿಯ ಸ್ತ್ರೀ ಪಾತ್ರಧಾರಿಯನ್ನು ನೋಡಲು ನಮ್ಮೂರಿಂದ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರಂತೆ. ಚಿತ್ತಾಪುರದಿಂದ ಸೇಡಂವರೆಗೆ ಹೆಂಗಸರು ಸೀರೆ ಉಡುವುದನ್ನು ಅವರಿಂದಲೇ ಕಲಿತರಂತೆ. ಈ ಎರಡನ್ನು ಜೋಡಿಸಿ, ಫೋಟೋದಲ್ಲಿರುವುದು ಆ ನಟನೇ ಎಂದು ಡೈರಿಯಲ್ಲಿ ಬರೆದಿಟ್ಟೆ. ಬರೆಯುವಾಗ ಅದು ಊಹೆಯಾಗಿತ್ತು. ಎಷ್ಟೋ ವರ್ಷಗಳ ನಂತರ ತೆರೆದು ಓದಿದಾಗ ಅಕ್ಷರ ನನ್ನದೇ ಇದ್ದುದರಿಂದ ನಿಜವೆನಿಸಿತು. ನೆನಪಿನ ಮೇಲೆ ನನಗೆ ಮೊದಲಿನಿಂದಲೂ ವಿಶ್ವಾಸ ಕಡಿಮೆ. ಡೈರಿಯನ್ನೂ ಅಷ್ಟೇ ಸಂಶಯದಿಂದ ನೋಡಬೇಕೆಂಬುದು ಹೊಳೆದಿರಲಿಲ್ಲ.

ಈ ವರ್ಷ ಅಂಗಳಕ್ಕೆ ಹಾಸುವ ಫರಸಿ ಕಲ್ಲು ನೋಡಲು ಶಹಾಬಾದಕ್ಕೆ ಹೋಗಿದ್ದೆ. ಕಲ್ಲಿನ ಅಂಗಡಿಯ ಹಿಂದೆಯೇ ಮಾಲೀಕನ ಮನೆ. ಹೊರಸಿನ ಮೇಲೆ ಅವನ ತಂದೆ ಕೂತಿದ್ದರು. ಎಂಬತ್ತು ದಾಟಿದ ತೆಳ್ಳನೆಯ ಜೀವ. ಅವರು ಕೂತ ಬಗೆಯಲ್ಲಿ, ಕುತ್ತಿಗೆ ತಿರುಗಿಸಿದ ಬಗೆಯಲ್ಲಿ ಏನೋ ಒಂದು ಇತ್ತು. ನಾನು ಮತ್ತೆ ಮತ್ತೆ ನೋಡಿದೆ.

"ಅಪ್ಪಾರು ಮೊದಲ ನಾಟಕದಾಗ ಹೆಣ್ಣ ಪಾರ್ಟ್ ಮಾಡ್ತಿದ್ರು ನೋಡ್ರಿ," ಎಂದ ಮಗ. "ಹಳಿ ಮಂದಿ ಈಗೂ ರಾಣಿ ಅಂತಾರ."

"ಅನ್ನೋರು ಯಾರ ಉಳದಾರೋ ತಮ್ಮಾ," ಎಂದರು ಮುದುಕರು. "ರಾಣಿ ಒಬ್ಬಾಕಿ ಉಳದಾಳ. ಅಕಿ ಚಹಾ ಕೇಳಿದ್ರ ಸೊಸಿ ಕೊಡವಲ್ಲಳು."

"ಚಹಾಕ್ಕ ವನ್ಸ್ ಮೋರ್ ಇಲ್ರಿ ಮಾವಾ," ಎಂದು ಒಳಗಿನಿಂದ ಸೊಸೆಯ ದನಿ ಬಂತು.

ಅಪ್ಪ ಹೇಳಿದ್ದ ಕಂಪನಿಯ ಹೆಸರು ಹೇಳಿದೆ. ಹೌದು, ಅವರೇ. ವೇಷದಲ್ಲಿದ್ದ ಫೋಟೋ ಏನಾದರೂ ಇದೆಯೇ ಎಂದು ಕೇಳಿದೆ. ಚಿಂಚೋಳಿಯ ಕ್ಯಾಂಪಿನಲ್ಲಿ ಕಂಪನಿ ಮುರಿದುಬಿತ್ತು, ಸೀರೆ, ಕೂದಲಿನ ಟೋಪನ್ನು, ಫೋಟೋ ಎಲ್ಲ ಪೆಟ್ಟಿಗೆಗಳ ಜೊತೆ ಎತ್ತಲೋ ಹೋದವು ಎಂದರು.

"ಊರ ಮಂದಿಯೆಲ್ಲಾ ನನ್ನ ನೋಡ್ಯಾರ, ತಂಗಿ. ನಾ ನೋಡಿಲ್ಲ. ಕನ್ನಡಿ ಮುಂದ ಕುಂತಾಗ ಬಣ್ಣ ಸರಿ ಹತ್ತೇದೋ ಇಲ್ಲೋ, ಅಷ್ಟ ನೋಡ್ತಿದ್ದೆ. ರಾಣಿ ನಿಂತ್ರ ಹೆಂಗ ಕಾಣ್ತಿದ್ಳು, ನನಗೇನ ಗೊತ್ತು? ಒಂದ ಕಣ್ಣ ಹೋಗೇದ. ಇನ್ನೊಂದೂ ಭಾಳ ದಿನ ಇಲ್ಲ ಅಂದಾರ ಡಾಕ್ಟರ. ಅದು ಹೋಗೂದ್ರಾಗ ಒಮ್ಮಿ ನೋಡಬೇಕಿತ್ತು."

"ನಿಮ್ಮ ಫೋಟೋ ನಮ್ಮ ಮನ್ಯಾಗ ಅದ," ಎಂದುಬಿಟ್ಟೆ.

ಅವರು ಹೊರಸಿನ ಅಂಚಿಗೆ ಸರಿದು, ನನ್ನ ಮುಖ ಕಾಣುವಂತೆ ಕುತ್ತಿಗೆ ಓರೆ ಮಾಡಿ ಕೂತರು. ಮಾತು ಆಡಿಯಾಗಿತ್ತು.

ಅತ್ತೆಗೆ ವಿಷಯ ಹೇಳಿದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಲಿಲ್ಲ.

"ಎಷ್ಟ ಸಾಲಿ ಕಲ್ತಿ ನೀ? ನಮ್ಮವ್ವನ ಗಂಡಸ ಮಾಡೂವಷ್ಟ?"

"ಅಜ್ಜಿಗಿ ವಂಕಿ ಎಲ್ಲಿತ್ತು ಅತ್ತಿ? ಇಂಥಾ ಸೀರಿ ಎಲ್ಲಿತ್ತು?"

"ಇದ್ದಿಲ್ಲ. ಅದಕ್ಕ ಅಕಿ ನಮ್ಮವ್ವ ಅಲ್ಲೇನು? ಫೋಟೋ ಒಬ್ಬರ ಕೈಯಾಗ ಕೊಡಂಗಿಲ್ಲ. ತೋರಿಸಬೇಕಂದ್ರ ನಾನೂ ಬರ್ತೀನಿ."

ಕೌದಿಯಲ್ಲಿ ಸುತ್ತಿದ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ ಬಸ್ಸಿನಲ್ಲಿ ಕೂತಳು. ಕಂಡಕ್ಟರ್ ಬಗ್ಗಿ ನೋಡಿ, "ಏನವ್ವಾ, ಕೂಸೇನು?" ಎಂದ.

"ನಮ್ಮವ್ವ ಅದಾಳಪ್ಪಾ."

"ಹಂಗಾದ್ರ ಫ್ರೀ ಬಿಡ್ರಿ, ಹೆಣ್ಣಮಕ್ಕಳಿಗಿ ಟಿಕೀಟ ಇಲ್ಲ."

ಅತ್ತೆ ನನ್ನತ್ತ ತಿರುಗಿದಳು. "ಗಂಡಸ ಅಂತೀಯಲ್ಲ, ನೀ ತಗಿಸು ಟಿಕೀಟ."

ವಾಡಿಯ ಹತ್ತಿರ ಸಿಮೆಂಟ್ ಲಾರಿಗಳ ಹಿಂದೆ ಬಸ್ಸು ನಿಂತಿತು. ಒಬ್ಬ ದೊಡ್ಡ ಸಿನಿಮಾ ನಟಿ ಇದ್ದ ರೈಲು ಒಮ್ಮೆ ಇಲ್ಲಿಯ ಸ್ಟೇಷನ್ನಿನಲ್ಲಿ ನಿಂತಿತ್ತೆಂದು ಈ ಕಡೆಯವರು ಇಂದಿಗೂ ಹೇಳುತ್ತಾರೆ. ಕಿಟಕಿಯಲ್ಲಿ ಅವಳ ಕೈ ಕಂಡಿತೆಂದು ಆಣೆ ಮಾಡುವವರು ಎಷ್ಟೋ ಜನ. ನಾನೂ ಕಂಡಿದ್ದೇನೆ ಅನ್ನಿಸುತ್ತದೆ. ಆಗ ನಾನು ಹುಟ್ಟಿಯೇ ಇರಲಿಲ್ಲ. ಅವಳನ್ನು ಎಲ್ಲರೂ ನೆನಪಿಟ್ಟಿದ್ದಾರೆ. ಇಲ್ಲಿಯೇ ಇದ್ದು, ತಿಂಗಳುಗಟ್ಟಲೆ ಇದೇ ಜನರನ್ನು ಅಳಿಸಿದ ಮನುಷ್ಯ ಕಲ್ಲಿನ ಅಂಗಡಿಯ ಹಿಂದೆ ಕೂತಿದ್ದಾರೆ.

ನಾವು ಹೋದಾಗ ಅವರು ಸ್ನಾನ ಮಾಡಿ, ಮಡಿಕೆ ಮುರಿಯದ ಬಿಳಿ ಅಂಗಿ ತೊಟ್ಟು ಕಾದಿದ್ದರು. ಬೆಳಿಗ್ಗೆಯಿಂದ ಬಾಗಿಲು ಬಿಟ್ಟು ಕದಲಿಲ್ಲ ಎಂದು ಸೊಸೆ ಹೇಳಿದಳು. ಅತ್ತೆ ಕೌದಿ ಬಿಚ್ಚಿ ಫೋಟೋ ಕೊಟ್ಟಳು. ಅವರು ಬಿಸಿಲಿಗೆ ತಿರುಗಿಸಿ, ಕಣ್ಣಿಗೆ ತೀರ ಹತ್ತಿರ ತಂದು, ಗಾಜಿನ ಮೂಲೆಯಿಂದ ಶುರುಮಾಡಿ ಇಂಚಿಂಚಾಗಿ ನೋಡುತ್ತ ಹೋದರು. ಕೈಯ ಹತ್ತಿರ ಬಂದಾಗ ನಿಂತರು. ಆಮೇಲೆ ಮುಖ. ಮತ್ತೆ ಕೈ.

"ಈ ಕೈ ನಂದು," ಎಂದರು. "ಮಾರಿ ನಂದಲ್ಲ."

ಅವರು ನತ್ತಿನ ಮೇಲೆ ಬೆರಳಿಟ್ಟರು.

"ನನ್ನ ಮೂಗ ಚುಚ್ಚಿಲ್ಲ ತಂಗಿ, ನತ್ತ ಒತ್ತಿ ಕೂಡಿಸ್ತಿದ್ದೆ. ಇಕಿದು ಚುಚ್ಚಿದ ಮೂಗ. ಇಕಿ ಖರೇ ಹೆಣ್ಣಮಗಳು. ಆವಾಗ ವಾಡಿ ಸ್ಟೇಷನ್ ಮುಂದ ಒಬ್ಬಾಂವ ಫೋಟೋದಾಂವ ಇದ್ದ. ಸೀರಿ, ವಂಕಿ ಎಲ್ಲಾ ಅಲ್ಲೇ ಇರ್ತಿದ್ವು. ರಾಣಿ ಹಂಗ ತಗೀರಿ ಅಂತ ಹೆಣ್ಣಮಕ್ಕಳು ಬರ್ತಾರ ಅಂತ ಅಂವ ಹೇಳಿ ನಗ್ತಿದ್ದ. ನಾ ನಂಬಿದ್ದಿಲ್ಲ."

"ಮತ್ತ ಕೈ ನಿಮ್ಮದು ಅಂದ್ರಿ?" ಎಂದಳು ಅತ್ತೆ.

ಅವರು ತಮ್ಮ ಗಂಟಲು ಮುಟ್ಟಿಕೊಂಡರು. "ಇಲ್ಲಿ ನೋಡ್ರಿ, ಗಂಡಸರಿಗಿ ಈ ಗಂಟ ಇರ್ತದಲ್ಲ, ಹಾಡೂ ಮುಂದ ಮ್ಯಾಲ ಕೆಳಗ ಆಡ್ತದ. ಮುಂದ ಕುಂತ ಮಂದಿಗಿ ಕಾಣಬಾರ್ದು. ಅದನ್ನ ಮುಚ್ಚಲಿಕ್ಕ ಸೆರಗ ಹಿಂಗ ಹಿಡೀತಿದ್ದೆ. ಬ್ಯಾರೆ ಏನಿಲ್ಲ. ಹೆಣ್ಣಮಕ್ಕಳು ಅದನ್ನ ಚಂದ ಅಂತ ತಿಳ್ಕೊಂಡ್ರು."

ನಾನು ಮನಸ್ಸಿನಲ್ಲೇ ಮನೆಯ ಹಳೆಯ ಫೋಟೋಗಳನ್ನೆಲ್ಲ ತಿರುವಿದೆ. ಮದುವೆಯಲ್ಲಿ ಅವ್ವ, ಕುರಕುಂಟಾ ಊರಿನ ಚಿಕ್ಕಮ್ಮಂದಿರು, ಹೆಸರು ಮರೆತ ನೆರೆಮನೆಯವರು. ಎಲ್ಲರ ಬೆರಳೂ ಗಂಟಲ ಹತ್ತಿರ, ಸೆರಗಿನ ಅಂಚಿನಲ್ಲಿ. ಏನೂ ಇಲ್ಲದ ಕಡೆ ಇವರೆಲ್ಲ ಏನು ಮುಚ್ಚಿಕೊಂಡಿದ್ದರು? ಒಬ್ಬ ಗಂಡಸಿನ ಅಡಚಣೆ ಇಷ್ಟು ಮನೆಗಳ ಹೆಂಗಸರ ಲಕ್ಷಣವಾಗಿ ಕೂತುಬಿಟ್ಟಿತ್ತು. ಆ ನಟನ ಹೆಸರು ಮರೆತವರ ಕೈಗೂ ಆ ಕೈ ನೆನಪಿತ್ತು. ಭಾಳ ಅಳಿಸ್ಯಾಳ ಎಂದು ಅಜ್ಜಿ ಅಂದು ತೋರಿಸಿದ್ದು ಮುಖವನ್ನಲ್ಲ, ರಾಣಿಯ ಈ ಕೈಯನ್ನೇ ಇರಬೇಕು. ಇರಬೇಕು, ಅಷ್ಟೇ. ಅವಳ ಬೆರಳು ನೆನಪಿದೆ, ಅದು ಎಲ್ಲಿ ಮುಟ್ಟಿತ್ತೆಂಬುದು ನೆನಪಿಲ್ಲ.

"ನಮ್ಮವ್ವ ಸಾಯೂತನಕ ಹಿಂಗ ಹಿಡೀತಿದ್ಳು," ಎಂದಳು ಅತ್ತೆ. "ನಾ ಥಂಡಿಗಿ ಅಂತ ತಿಳ್ಕೊಂಡಿದ್ದೆ." ಹಾಗೆ ಹೇಳುವಾಗ ಅವಳ ಬಲಗೈಯೂ ಅಲ್ಲೇ ಇತ್ತು. ಅದು ಅವಳಿಗೆ ಗೊತ್ತಿರಲಿಲ್ಲ.

ಮುದುಕರಿಗೆ ಕಂಡಿತು. ಫೋಟೋವನ್ನು ಹೊರಸಿನ ಮೇಲಿಟ್ಟು, "ಯಕ್ಕಾ, ಹಂಗ ಬಾಗಲದಾಗ ನಿಂದರ್ರಿ, ಬೆಳಕಿಗಿ," ಎಂದರು.

"ನನ್ನೇನ ನೋಡ್ತೀರಿ, ಮುದುಕಿನ್ನ," ಎಂದು ಗೊಣಗುತ್ತಲೇ ಅತ್ತೆ ಹೋಗಿ ಹೊಸ್ತಿಲ ಮೇಲೆ ನಿಂತಳು. ಕಲ್ಲಿನ ಧೂಳು ಹಿಂದಿನ ಬಿಸಿಲಲ್ಲಿ ಹಾರುತ್ತಿತ್ತು.

"ಮಾರಿ ಸ್ವಲ್ಪ ಆಚಿಗಿ. ಕಿರುಬೆರಳ ಮ್ಯಾಲ. ಇನ್ನೂ ಸ್ವಲ್ಪ."

ಅತ್ತೆಯ ಬೆರಳು ಎದ್ದಿತು. ಅವಳು ಕದಲದೆ ನಿಂತಳು. ಅವರೂ ಕದಲಲಿಲ್ಲ. ಉಳಿದ ಒಂದು ಕಣ್ಣನ್ನು ಅರೆ ಮುಚ್ಚಿ, ಎಷ್ಟೋ ಹೊತ್ತು ನೋಡಿದರು. ನನ್ನ ಚೀಲದಲ್ಲಿ ಮೊಬೈಲ್ ಇತ್ತು, ತೆಗೆಯಬೇಕೆನಿಸಲಿಲ್ಲ.

ಕೊನೆಗೆ ಫೋಟೋ ಎತ್ತಿ, ಅಂಗಿಯ ತೋಳಿನಿಂದ ಗಾಜು ಒರೆಸಿ, ಅತ್ತೆಯ ಕೈಗೆ ಕೊಟ್ಟರು.

"ನಿಮ್ಮವ್ವ ನಿಮ್ಮ ಮನ್ಯಾಗ ಇರಲಿ," ಎಂದರು. "ನಾ ನೋಡಿದೆ."