ಮನೆಯವರನ್ನು ಕೇಳಿ ಹೇಳ್ತೀನಿ

ಕ್ಲಬ್ಬಿನ ಹುಡುಗರೆಲ್ಲ ಅವಳನ್ನು ನೊರೆಯಕ್ಕ ಎಂದು ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು. ಫುಟ್‌ಬಾಲ್ ಮೈದಾನದ ಗ್ಯಾಲರಿಯ ಕೆಳಗೆ, ಮೆಟ್ಟಿಲುಗಳ ಬೆನ್ನಿಗೆ ಅಂಟಿಕೊಂಡ ಹಾಗೆ ಇಳಿಜಾರು ಸೂರಿನ ಒಂದು ಕೋಣೆ. ಬಟ್ಟೆ ಒಗೆಯುವ ಎರಡು ಮೆಷಿನ್ನು, ಒಂದು ಸಿಮೆಂಟಿನ ತೊಟ್ಟಿ, ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗ, ಇಸ್ತ್ರಿ ಮೇಜು. ಅಲ್ಲಿ ಅವಳದೇ ರಾಜ್ಯಭಾರ. ಜೆರ್ಸಿಯ ಒಳಮೈ ಹೊರಗೆ ಮಾಡಿ ಒಗೆಯದಿದ್ದರೆ ಬೆನ್ನಿನ ನಂಬರು ಸಿಪ್ಪೆ ಏಳುತ್ತದೆ. ಹುಲ್ಲಿನ ಕಲೆಗೆ ಬಿಸಿನೀರು ತಾಗಿಸಿದರೆ ಅದು ಹೋಗುವ ಬದಲು ಅಲ್ಲೇ ಸಂಸಾರ ಹೂಡುತ್ತದೆ. ಇದನ್ನೆಲ್ಲ ಅವಳಿಗೆ ಯಾರೂ ಹೇಳಿಕೊಟ್ಟವರಿಲ್ಲ, ಹಾಳು ಮಾಡಿ ಬೈಸಿಕೊಂಡೇ ಕಲಿತದ್ದು.

ಆಟವೆಂದರೆ ಅವಳಿಗೆ ಪ್ರಾಣ. ಆದರೆ ಆ ಆಟ ಅವಳಿಗೆ ಸಿಗುತ್ತಿದ್ದದ್ದು ತಲೆಯ ಮೇಲಿಂದ. ಅರ್ಧ ಆಟಕ್ಕೆ ಹುಡುಗರು ಬೆವರಿಗೆ ತೊಯ್ದ ಜೆರ್ಸಿ ಬದಲಿಸುತ್ತಾರೆ, ಅದನ್ನು ಆಗಲೇ ನೀರಿಗೆ ಹಾಕಬೇಕು, ಅಷ್ಟರಲ್ಲಿ ಟವೆಲುಗಳ ರಾಶಿ ಬರುತ್ತದೆ. ಸೂರು ಧಡಧಡ ಅಂದರೆ ನಮ್ಮವರ ಗೋಲು. ಇದ್ದಕ್ಕಿದ್ದ ಹಾಗೆ ಸದ್ದಡಗಿದರೆ ಅವರದು. ಗೋಡೆಯ ಮೇಲ್ಭಾಗದಲ್ಲಿ ಗಾಳಿಗೆಂದು ಬಿಟ್ಟ ಒಂದು ಕಿಂಡಿಯಿತ್ತು. ತೊಟ್ಟಿಯ ಕಟ್ಟೆ ಹತ್ತಿ ಇಣುಕಿದರೆ ಮೈದಾನದ ಒಂದು ಮೂಲೆಯ ಬಾವುಟವೂ ಓಡಾಡುವ ಮೊಣಕಾಲುಗಳೂ ಕಾಣುತ್ತಿದ್ದವು. ಮೊಣಕಾಲು ನೋಡಿಯೇ ಅವಳು ಯಾರು ಎಂದು ಹೇಳಬಲ್ಲವಳು. ಇಷ್ಟು ವರ್ಷದಲ್ಲಿ ಒಂದೇ ಒಂದು ಆಟವನ್ನೂ ಮೊದಲಿಂದ ಕೊನೆತನಕ ಕೂತು ನೋಡಿದವಳಲ್ಲ. ಮನೆಯಲ್ಲಿ ಟಿವಿ ಇತ್ತು, ಅದರ ರಿಮೋಟು ಅತ್ತೆಯ ದಿಂಬಿನ ಕೆಳಗೆ ಇರುತ್ತಿತ್ತು.

ಆ ವರ್ಷ ತಂಡ ಯಾರೂ ನೆನೆಸದಷ್ಟು ಚೆನ್ನಾಗಿ ಆಡಿ, ಮೊದಲ ಸಲ ಹೊರದೇಶದಲ್ಲಿ ಒಂದು ಪಂದ್ಯ ಆಡುವ ಯೋಗ ಬಂತು. ಬೆಳಿಗ್ಗೆ ಬಸ್ಸು ಹೊರಟು ಗಡಿ ದಾಟುವುದು, ಸಂಜೆ ಆಟ, ರಾತ್ರಿ ಅಲ್ಲೇ ತಂಗಿದ್ದು ಮರುದಿನ ವಾಪಸ್ಸು. ಬಸ್ಸಿನಲ್ಲಿ ಕೆಲಸದವರಿಗೆಂದು ಒಂದು ಸೀಟು ಉಳಿಯಿತು. ತಂಡದ ಕ್ಯಾಪ್ಟನ್ ಒಳ್ಳೆಯ ಹುಡುಗ, ಎಲ್ಲರೆದುರಿಗೇ, "ಈ ಸಲ ನೊರೆಯಕ್ಕ ಬರ್ಲಿ ಸಾರ್. ಒಗೆಯೋದೇನಿದ್ರೂ ವಾಪಸ್ ಬಂದ್ಮೇಲೆ. ಅಲ್ಲಿ ಅಕ್ಕನಿಗೆ ಕೂತು ಆಟ ನೋಡೋದಷ್ಟೇ ಕೆಲಸ" ಅಂದ. ಹುಡುಗರೆಲ್ಲ ಬೆಂಚು ಬಡಿದರು. ಮ್ಯಾನೇಜರ್ ಡ್ರೆಸಿಂಗ್ ರೂಮಿನ ಬಾಗಿಲಲ್ಲಿ ನಿಂತಿದ್ದ ಅವಳ ಕಡೆ ತಿರುಗಿ, "ಏನಮ್ಮಾ, ಬರ್ತೀಯಾ?" ಎಂದು ಕೇಳಿದ.

ಅವಳ ಎದೆ ಆಗಲೇ ಗಡಿ ದಾಟಿಯಾಗಿತ್ತು. ಬಾಯಿ ಮಾತ್ರ ಅದರ ಪಾಡಿಗೆ ಅದು, "ಮನೆಯವರನ್ನ ಕೇಳಿ ಹೇಳ್ತೀನಿ ಸಾರ್" ಅಂದುಬಿಟ್ಟಿತು.

ಈ ಮಾತಿನ ಬಗ್ಗೆ ಸ್ವಲ್ಪ ಹೇಳಬೇಕು. ಇದು ಯಾರನ್ನೂ ಏನನ್ನೂ ಕೇಳುವ ಮಾತಲ್ಲ. ಬಾಗಿಲಿಗೆ ಬಂದು ಪಾತ್ರೆ ಮಾರುವವನಿಗೆ ಹೇಳುವುದು ಇದೇ, ಪಕ್ಕದ ಮನೆಯವಳು ಸಿನಿಮಾಕ್ಕೆ ಕರೆದರೆ ಹೇಳುವುದೂ ಇದೇ. ಅವಳ ಅಮ್ಮ ಹೇಳಿದ್ದಳು, ಚಿಕ್ಕಮ್ಮ ಹೇಳಿದ್ದಳು. ಚಿಕ್ಕಮ್ಮನಂತೂ ಗಂಡ ಸತ್ತ ಮೇಲೂ ರೂಢಿಯ ಮೇಲೆ ಹೇಳುತ್ತಿದ್ದಳು. ಮುಖ ತಗ್ಗಿಸಿ ಹೇಳಿದರೆ ಆಗುವುದಿಲ್ಲ ಎಂದರ್ಥ. ನಗುತ್ತ ಹೇಳಿದರೆ, ಬರುತ್ತೇನೆ, ಆದರೆ ಕರೆದ ಕೂಡಲೇ ಹಾರಿಬಿದ್ದು ಬರುವವಳು ಅಂದುಕೊಳ್ಳಬೇಡಿ ಎಂದರ್ಥ. ನೊರೆಯಕ್ಕ ಹೇಳಿದ್ದು ಕಿವಿಯವರೆಗೆ ನಗುತ್ತ. ಯಾವ ಹೆಂಗಸಿಗಾದರೂ ತಕ್ಷಣ ಅರ್ಥವಾಗುತ್ತಿತ್ತು. ಆ ಕೋಣೆಯಲ್ಲಿ ಅವಳನ್ನು ಬಿಟ್ಟರೆ ಬೇರೆ ಹೆಂಗಸಿರಲಿಲ್ಲ.

ಅವತ್ತಿನಿಂದ ಅವಳ ತಯಾರಿ ಶುರುವಾಯಿತು. ಪಾಸ್‌ಪೋರ್ಟ್ ಇತ್ತು. ಗಂಡನಿಗೆ ಹಿಂದೊಮ್ಮೆ ಹೊರದೇಶದಲ್ಲಿ ಕೆಲಸ ಮಾಡುವ ಹುಚ್ಚು ಹತ್ತಿದಾಗ ಇಬ್ಬರದ್ದೂ ಮಾಡಿಸಿದ್ದ. ಹುಚ್ಚು ಇಳಿಯಿತು, ಎರಡೂ ಪಾಸ್‌ಪೋರ್ಟುಗಳು ಒಂದು ಸೀಲೂ ಬೀಳದೆ ಬೀರುವಿನಲ್ಲಿ ಮಲಗಿದ್ದವು. ತಂಡದ ಬಣ್ಣದ ಉಣ್ಣೆ ಟೋಪಿಯೊಂದನ್ನು ಕೊಂಡು ಸೋಪಿನ ಪುಡಿಯ ಡಬ್ಬದ ಹಿಂದೆ ಬಚ್ಚಿಟ್ಟಳು. ಅತ್ತೆಯ ಮಾತ್ರೆಗಳನ್ನು ಹೊತ್ತುಹೊತ್ತಿಗೆ ಬೇರೆ ಬೇರೆ ಪೊಟ್ಟಣ ಕಟ್ಟಿದಳು. ಕ್ಯಾಪ್ಟನ್ ಸಿಕ್ಕಾಗಲೆಲ್ಲ ಅವನ ತಲೆ ತಿಂದಳು. "ಎಲ್ಲಿ ಕೂತ್ರೆ ಚೆನ್ನಾಗಿ ಕಾಣುತ್ತಪ್ಪ?" "ಮಧ್ಯದಲ್ಲಿ ಕೂತ್ಕೊಳ್ಳಿ ಅಕ್ಕ, ಗೋಲಿನ ಹಿಂದೆ ಬೇಡ." "ಎದುರು ಕಡೆಯವ್ರ ಮಧ್ಯೆ ಕೂತು ನಾವು ಕೂಗಿದ್ರೆ ಬೈಯಲ್ವಾ?" "ಬೈದ್ರೂ ನಿಮಗೆಲ್ಲಿ ಅರ್ಥ ಆಗುತ್ತೆ, ಕೂಗಿ!" ಇಬ್ಬರೂ ನಕ್ಕರು.

ಗಂಡನಿಗೆ ಹೊರಡುವ ಹಿಂದಿನ ದಿನ ಹೇಳುವುದೆಂದು ಅವಳ ಲೆಕ್ಕ. ಎಲ್ಲ ವ್ಯವಸ್ಥೆಯೂ ಆಗಿಬಿಟ್ಟಿದ್ದರೆ ಕೊಂಕು ತೆಗೆಯಲು ಅವನಿಗೆ ಜಾಗವಿರುವುದಿಲ್ಲ. ಅವನು ದೊಡ್ಡದೊಂದು ಬಟ್ಟೆ ಅಂಗಡಿಯಲ್ಲಿ ಲಿಫ್ಟ್ ನಡೆಸುತ್ತಿದ್ದ. ದಿನವಿಡೀ ಮೇಲೆ ಹೋಗಿ ಕೆಳಗೆ ಬಂದು, ಸಂಜೆ ಎಲ್ಲಿ ಹೊರಟಿದ್ದನೋ ಅಲ್ಲೇ ಇಳಿಯುವ ಉದ್ಯೋಗ. ಫುಟ್‌ಬಾಲ್ ಅಂದರೆ ಅವನಿಗೆ ಅಷ್ಟಕ್ಕಷ್ಟೆ. "ಬೆಳೆದ ಗಂಡಸರು ಚಡ್ಡಿ ಹಾಕ್ಕೊಂಡು ಒಂದು ಚೆಂಡಿಗೆ ಕಿತ್ತಾಡೋದು, ನೀನು ಆ ಚಡ್ಡಿ ಒಗೆಯೋದು" ಎಂದು ಹಂಗಿಸುತ್ತಿದ್ದ. ಆದರೆ ಆ ದಿನಗಳಲ್ಲಿ ಅವನೂ ಲವಲವಿಕೆಯಿಂದ ಇದ್ದ. ಶಿಳ್ಳೆ ಹಾಕುತ್ತಿದ್ದ, ಕೂದಲು ಕತ್ತರಿಸಿಕೊಂಡು ಬಂದ, ಬೂಟಿಗೆ ಪಾಲಿಶ್ ಹಾಕಿದ. ಅಂಗಡಿಯಲ್ಲಿ ಬಡ್ತಿಯೇನಾದರೂ ಸಿಕ್ಕಿರಬೇಕು, ತಾನಾಗಿಯೇ ಹೇಳಲಿ ಎಂದುಕೊಂಡು ಅವಳು ಅವನ ಒಳ್ಳೆಯ ಶರಟನ್ನು ಕ್ಲಬ್ಬಿಗೆ ಒಯ್ದು ಕಾಲರಿನ ಕೊಳೆ ಬಿಡಿಸಿ ಗರಿಗರಿ ಇಸ್ತ್ರಿ ಮಾಡಿ ತಂದಳು. ಪಾಪದವಳು, ತನ್ನ ಕೈಯಾರೆ.

ಉಳಿದದ್ದು ಅತ್ತೆಯ ಜೊತೆ ಒಂದು ರಾತ್ರಿ ಯಾರು ಮಲಗುವುದು ಎಂಬುದೊಂದೇ. ಎರಡು ಬೀದಿ ಆಚೆ ಇದ್ದ ನಾದಿನಿಯ ಮನೆಗೆ ಹೋಗಿ ಮೆಲ್ಲಗೆ ವಿಷಯ ತೆಗೆದಳು.

"ಆ ರಾತ್ರಿನಾ?" ನಾದಿನಿ ಕಣ್ಣರಳಿಸಿದಳು. "ಅಣ್ಣ ಹೇಗೂ ಇರಲ್ವಲ್ಲ ಅತ್ತಿಗೆ. ನೀವೂ ಇರಲ್ವಾ?"

"ಅವರೆಲ್ಲಿಗೆ ಹೋಗ್ತಾರೆ?"

"ಅಯ್ಯೋ, ನಿಮಗೆ ಗೊತ್ತಿಲ್ವಾ? ನಿಮ್ಮ ಕ್ಲಬ್ಬಿನ ಬಸ್ಸಲ್ಲೇ ಹೋಗ್ತಾನಂತಲ್ಲ, ಮ್ಯಾಚ್ ನೋಡೋಕೆ! ಫಾರಿನ್‌ನಿಂದ ಏನ್ ತರ್ಲಿ ಅಂತ ನನ್ನ ಕೇಳಿದ."

ಅವಳು, ಮರೆತಿದ್ದೆ ಅಂತ ಏನೋ ಒಂದು ಹೇಳಿ ಎದ್ದಳು. ಅಲ್ಲಿಂದ ಸೀದಾ ಕ್ಲಬ್ಬಿಗೆ ನಡೆದಳು. ಮ್ಯಾನೇಜರ್ ಫೈಲುಗಳ ನಡುವೆ ಬಿಸ್ಕತ್ತು ತಿನ್ನುತ್ತ ಕೂತಿದ್ದ. ಗಂಡನ ವಿಷಯ ಕೇಳಿದ್ದಕ್ಕೆ ತಲೆಯೆತ್ತಿದ.

"ನೀನೇ ಹೇಳಿದ್ಯಲ್ಲಮ್ಮಾ, ಮನೆಯವರನ್ನ ಕೇಳ್ಬೇಕು ಅಂತ. ನೀನು ಮತ್ತೆ ಸೊಲ್ಲೆತ್ತಲಿಲ್ಲ. ಸರಿ, ನಾನೇ ಕೇಳೋಣ ಅಂತ ಇಲ್ಲಿದ್ದ ನಂಬರ್‌ಗೆ ಫೋನ್ ಮಾಡಿದೆ." ಅವಳ ಹೆಸರಿನ ಮುಂದೆ ಆಫೀಸಿನಲ್ಲಿ ಇದ್ದದ್ದು ಗಂಡನ ನಂಬರು. "ನಿಮ್ಮೆಜಮಾನ್ರು, ಅವಳೆಲ್ಲಿ ಬರ್ತಾಳೆ ಸಾರ್, ರಾತ್ರಿಯೆಲ್ಲ ಹೊರಗಿದ್ದು ರೂಢಿ ಇಲ್ಲ, ಸೀಟು ಯಾಕೆ ಹಾಳಾಗ್ಬೇಕು, ನಾನೇ ಬರ್ತೀನಿ ಅಂದ್ರು."

"ಸಾರ್, ನಾನು ಬರ್ತೀನಿ ಅಂತಲೇ ಹಾಗೆ ಹೇಳಿದ್ದು."

ಮ್ಯಾನೇಜರ್ ಅವಳನ್ನು ಅರ್ಥವಾಗದವನ ಹಾಗೆ ನೋಡಿದ. "ಅದು ಹೇಗಮ್ಮಾ? ಕೇಳಿ ಹೇಳ್ತೀನಿ ಅಂದ್ರೆ ಕೇಳಿ ಹೇಳ್ತೀನಿ ಅಂತ ತಾನೆ? ಈಗ ಗಡಿಗೆ ಹೆಸರೆಲ್ಲ ಹೋಗಿಬಿಟ್ಟಿದೆ. ನೋಡು, ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು. ಹೆಂಗಸು ಅಂದ್ರೆ ಬೇರೆ ರೂಮ್ ಮಾಡ್ಬೇಕಿತ್ತು. ನಿಮ್ಮೆಜಮಾನ್ರು ಡ್ರೈವರ್ ಜೊತೆ ಮಲಗ್ತಾರೆ, ಎಲ್ಲರಿಗೂ ಅನುಕೂಲ." ಅವನು ಬಿಸ್ಕತ್ತಿನ ಪೊಟ್ಟಣವನ್ನು ಅವಳ ಕಡೆ ಸರಿಸಿದ.

ಮನೆಯಲ್ಲಿ ಗಂಡ ಪಾಸ್‌ಪೋರ್ಟಿನ ಧೂಳು ಒರೆಸುತ್ತ ಕೂತಿದ್ದ. ಸಿಕ್ಕಿಬಿದ್ದೆ ಎಂಬ ಅಳುಕು ಅವನಲ್ಲಿ ಎಳ್ಳಷ್ಟೂ ಇರಲಿಲ್ಲ.

"ನನಗೆ ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವೇನ್ರೀ?"

"ನೀನು ನನಗೆ ಹೇಳಿದ್ಯಾ? ನಾನು ಬೇಡ ಅಂತೀನಿ ಅಂತ ತಾನೆ ಮುಚ್ಚಿಟ್ಟಿದ್ದು?"

"ನನ್ನ ಸೀಟು ರೀ ಅದು. ಆ ಹುಡುಗರು ಕರೆದಿದ್ದು ನನ್ನ."

"ಮನೆಯವರನ್ನ ಕೇಳ್ತೀನಿ ಅಂದ್ಯಂತಲ್ಲ. ಕೇಳಿದ್ರು. ಹೇಳ್ದೆ. ಇದರಲ್ಲಿ ನಂದೇನು ತಪ್ಪು?" ಆಮೇಲೆ ದನಿ ತಗ್ಗಿಸಿ, "ನಾನೂ ಒಂದ್ಸಲ ಹೊರದೇಶ ನೋಡ್ಬಾರ್ದೇನೇ? ಸಾಯೋತನಕ ಆ ಡಬ್ಬದೊಳಗೇ ಇರ್ಲಾ?" ಅಂದ. ಅದೂ ಸುಳ್ಳಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಮೈ ಉರಿಯಿತು. ಅವನ ಆಸೆ ಬಾಯಿಬಿಟ್ಟು ಹೇಳಿದರೆ ಆಸೆ, ಅವಳದು ಬಾಯಿಬಿಟ್ಟರೆ ಹುಚ್ಚು.

ಹೊರಡುವ ಬೆಳಿಗ್ಗೆ ಅವನು ಗರಿಗರಿ ಶರಟು ತೊಟ್ಟು, ಹೆಗಲಿಗೆ ಬ್ಯಾಗು ಏರಿಸಿ, ಹೊಸ್ತಿಲಲ್ಲಿ ನಿಂತು "ಬರ್ತೀನಿ" ಅಂದ. ನಮ್ಮಲ್ಲಿ ಹೋಗುವವರೆಲ್ಲ ಹೇಳುವುದು ಅದನ್ನೇ. ಅವಳು ಅವತ್ತು ಡ್ರೆಸಿಂಗ್ ರೂಮಿನ ಬಾಗಿಲಲ್ಲಿ ಹೇಳಬೇಕಾಗಿದ್ದದ್ದೂ ಅದೊಂದೇ ಮಾತು. ಇವನ ಬಾಯಲ್ಲಿ ಅದು ನೀರು ಕುಡಿದಷ್ಟು ಸಲೀಸಾಗಿ ಬಂತು. ಅವಳು ಒಳಗೆ ಹೋದಳು.

ಮರುದಿನ ರಾತ್ರಿ ಅವನು ಹಿಂದಿರುಗಿ ಬಂದು ಅಮ್ಮನ ಮಂಚದ ಮೇಲೆ ಕೂತು ಪ್ರವಾಸದ ಪುರಾಣ ಬಿಚ್ಚಿದ. ಅಲ್ಲಿಯ ರಸ್ತೆ, ಅಲ್ಲಿಯ ನಲ್ಲಿಯ ಬಿಸಿನೀರು, ತಂಗಿದ್ದ ಕಟ್ಟಡದ ಲಿಫ್ಟು. ಲಿಫ್ಟಿನ ಬಗ್ಗೆ ಬಹಳ ಹೊತ್ತು ಹೇಳಿದ. ಬಾಗಿಲು ಮುಚ್ಚಿದ್ದೇ ಗೊತ್ತಾಗುವುದಿಲ್ಲವಂತೆ. ನಮ್ಮವರು ಒಂದು ಗೋಲು ಹೊಡೆದದ್ದು ಅವಳ ಕಿವಿಗೆ ಬಿದ್ದಿತ್ತು, ಕೇಳಬಾರದು ಅಂದುಕೊಂಡಿದ್ದಳು. ತಡೆಯಲಾಗಲಿಲ್ಲ.

"ಗೋಲು ಹೇಗೆ ಬಂತು?"

"ಯಾವುದು? ಓ, ನಮ್ಮದಾ? ನಾನು ಆಗ ಕಾಫಿಗೆ ಹೋಗಿದ್ದೆ ಕಣೆ. ಅಲ್ಲಿ ಎಂಥಾ ಸಾಲು ಅಂತೀಯಾ!"

ಮಾರನೆಯ ಬೆಳಿಗ್ಗೆ ಕ್ಯಾಪ್ಟನ್ ಕೊಳೆ ಬಟ್ಟೆಯ ಚೀಲವನ್ನು ತಾನೇ ಹೊತ್ತು ಕೋಣೆಗೆ ತಂದ. ಚೀಲ ಇಳಿಸಿದರೂ ಹೋಗಲಿಲ್ಲ. "ನೀವು ಬರ್ತೀರ ಅಂತ ಮಧ್ಯದ ಸೀಟೇ ಕೇಳಿ ಹಿಡಿದಿಟ್ಟಿದ್ದೆ ಅಕ್ಕ. ನಿಮಗೇ ಮನಸ್ಸಿಲ್ಲ, ಆಟದಲ್ಲಿ ಅಂಥ ಆಸಕ್ತಿನೂ ಇಲ್ಲ ಅಂತ ಯಜಮಾನ್ರು ಬಸ್ಸಲ್ಲಿ ಹೇಳಿದ್ರು."

ತೊಟ್ಟಿಗೆ ಬಿಟ್ಟ ನಲ್ಲಿಯನ್ನು ಅವಳು ನಿಲ್ಲಿಸಿದಳು. "ಮನಸ್ಸಿತ್ತು ಕಣಪ್ಪ. ನಿಮ್ಮೆಲ್ಲರಿಗಿಂತ ಹೆಚ್ಚಿತ್ತು." ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಹೋಗಿ ಹೇಳು ಎಲ್ಲರಿಗೂ, ನೊರೆಯಕ್ಕನಿಗೆ ಮನಸ್ಸಿತ್ತು ಅಂತ."

ಹುಡುಗ ತಬ್ಬಿಬ್ಬಾದ. "ಮತ್ತೆ ಅವತ್ತು ಸಾರ್ ಕೇಳಿದಾಗಲೇ ಅಕ್ಕ, ಹೂಂ ಅಂದುಬಿಟ್ಟಿದ್ರೆ ಆಗ್ತಿತ್ತಲ್ಲ?" ಅಂದ. ಅವನ ಮಾತಿನಲ್ಲಿ ಕೆಡುಕಿರಲಿಲ್ಲ. ಅಮ್ಮ, ಚಿಕ್ಕಮ್ಮ, ಹೆಂಗಸರು ಹೇಳುವ ರೀತಿ, ಇಷ್ಟನ್ನೆಲ್ಲ ಆ ಹುಡುಗನಿಗೆ ಎಲ್ಲಿಂದ ಶುರುಮಾಡಿ ಹೇಳುವುದು? ಅವನು ತಪ್ಪು ಮಾಡಿದವನ ಹಾಗೆ ಹೊರಟುಹೋದ.

ಅವಳು ಜೆರ್ಸಿಗಳನ್ನು ಒಂದೊಂದಾಗಿ ಒಳಮೈ ಹೊರಗೆ ಮಾಡಿ ತಣ್ಣೀರಿಗೆ ಹಾಕಿ ಕೈಯಿಂದ ಒತ್ತಿದಳು. ಇಲ್ಲಿಯ ಮೈದಾನದ್ದು ಕೆಂಪು ಮಣ್ಣು. ಈ ಸಲ ನೀರು ಕಪ್ಪಗಾಯಿತು. ಪರದೇಶ ಅಂತ ಅವಳ ಕಣ್ಣಿಗೆ ಬಿದ್ದದ್ದು ಅಷ್ಟೇ. ಅದನ್ನೇ ನೋಡುತ್ತ ತೊಟ್ಟಿಯ ಬಿರಡೆ ಕಿತ್ತಳು.